ಮೊದಲು ಕಾಲು ಅದುರಬೇಕು, ಆಮೇಲೆ ಕೀಲು

ಎದುರಾಳಿಯ ಕೀಲು ತಿರುಚಿ ಅಲುಗದಂತೆ ಕಟ್ಟುವ ಚೀನೀ ಕೀಲು ಲಾಕ್‌ಗಳಲ್ಲಿ ಎಲ್ಲರೂ ಮೊದಲು ಕಲಿಯಲು ಬಯಸುವುದು 'ಜಿನ್ ಸ್ಸು ಚಾನ್ ವಾನ್' ಅನ್ನು. ಬಂಗಾರದ ಎಳೆ ಮಣಿಕಟ್ಟಿಗೆ ಸುತ್ತಿಕೊಂಡಿತು ಅಂತ ಅದರ ಹೆಸರು. ಎದುರಾಳಿ ತನ್ನ ಬಲಗೈಯಿಂದ ನಿಮ್ಮ ಬಲ ಮಣಿಕಟ್ಟು ಹಿಡಿದಿದ್ದಾನೆ ಅಂದುಕೊಳ್ಳಿ. ಅವನ ಬೆರಳುಗಳ ಮೇಲೆ ನಿಮ್ಮ ಎಡಗೈಯಿಟ್ಟು ಅವನು ಕೈ ಕಿತ್ತುಕೊಳ್ಳದಂತೆ ಅದುಮಬೇಕು. ಬಲಗೈಯನ್ನು ಹೊರಗಡೆಯಿಂದ ಮೇಲಕ್ಕೆ ಸುತ್ತಿಸಿ, ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ಅವನ ಮಣಿಕಟ್ಟಿನ ಮೇಲೆ ಕೂರಿಸಬೇಕು. ಅಷ್ಟರಲ್ಲಿ ಅವನ ಮೊಣಕೈ ತಾನಾಗಿಯೇ ಮಡಚಿಕೊಂಡು, ಕಿರುಬೆರಳು ಮೇಲೆದ್ದಿರುತ್ತದೆ. ಅಲ್ಲಿಂದ ಅವನ ಹೊಟ್ಟೆಯ ಕಡೆಗೆ ಎರಡು ಇಂಚು ಕೆಳಗೆ ಒತ್ತಿದರೆ ಎಂಬತ್ತು ಕೆ.ಜಿ.ಯ ಆಳೂ ಮಂಡಿಯೂರುತ್ತಾನೆ.

ತರಗತಿಯಲ್ಲಿ ಇದು ಪ್ರತಿ ಸಲವೂ ಕೆಲಸ ಮಾಡುತ್ತದೆ. ಜೊತೆಗಾರ ಹಿಡಿದ ಕೈಯನ್ನು ಹಿಡಿದೇ ನಿಂತಿರುತ್ತಾನೆ, ಅವನ ಇನ್ನೊಂದು ಕೈ ಸುಮ್ಮನೆ ಜೋತಾಡುತ್ತಿರುತ್ತದೆ. ಬೀದಿಯಲ್ಲಿ ಒಬ್ಬ ಮಣಿಕಟ್ಟು ಹಿಡಿಯುವುದು ಎಳೆದಾಡುವುದಕ್ಕೆ, ಇಲ್ಲವೇ ಇನ್ನೊಂದು ಕೈಯಿಂದ ಬಾರಿಸುವುದಕ್ಕೆ. ನಿಮ್ಮ ಎಡಗೈ ಅವನ ಬೆರಳು ಹುಡುಕುವ ಹೊತ್ತಿಗೆ ಕೆನ್ನೆಗೆ ಏಟು ಬಿದ್ದಿರುತ್ತದೆ. ಬರುವ ಗುದ್ದನ್ನೇ ಗಾಳಿಯಲ್ಲಿ ಹಿಡಿದು ತಿರುಚುವ ರೀಲ್ಸ್‌ಗಳ ಮಾತಂತೂ ಬೇಡ. ಗುದ್ದಿದ ಕೈ ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಬರುತ್ತದೆ, ಅದರ ಮಣಿಕಟ್ಟು ಯಾರ ಕೈಗೂ ಸಿಗುವುದಿಲ್ಲ.

ಹಾಗಂತ ಇಡೀ ವಿದ್ಯೆ ಬರೀ ಬೂಟಾಟಿಕೆ ಎಂದು ನಾನು ಹೇಳುವುದಿಲ್ಲ. ಕುಸ್ತಿಯ ಮಣ್ಣಿನಿಂದ ಸಾಂಡಾ ಎಂಬ ಚೀನೀ ಕಾದಾಟದ ಆಟದ ಮ್ಯಾಟ್‌ಗೆ ಬಂದವನು ನಾನು, ಈಗ ಕಲಿಸುವುದೂ ಅದನ್ನೇ. ಚಿನ್ ನಾ ಎನ್ನುವ ಈ ಕೀಲು ಹಿಡಿಯುವ ಕಲೆ ನಿಜವಾದ ಜಗಳದಲ್ಲಿ ಕೆಲಸಕ್ಕೆ ಬಂದದ್ದನ್ನು ಕಂಡಿದ್ದೇನೆ. ಆದರೆ ಪ್ರತಿ ಬಾರಿಯೂ ಅದು ಬಂದದ್ದು ಕೊನೆಗೆ. ಮೊದಲು ಮೈಗೆ ಮೈ ತಾಗಿತ್ತು, ಎದುರಾಳಿಯ ಕಾಲು ನೆಲೆ ತಪ್ಪಿತ್ತು, ಆಮೇಲೆ ಕೀಲು ಕೈಗೆ ಬಂತು. ಈ ಕ್ರಮವನ್ನು ತಲೆಕೆಳಗು ಮಾಡಿ ಕಲಿಸುವುದೇ ಇವತ್ತಿನ ದೊಡ್ಡ ತೊಂದರೆ.

ಇದನ್ನು ಹಳಬರು ಚೆನ್ನಾಗಿ ಬಲ್ಲವರಾಗಿದ್ದರು. ಹದಿನಾರನೇ ಶತಮಾನದಲ್ಲಿ ಚೀನಾದ ಪೂರ್ವ ಕರಾವಳಿಯಲ್ಲಿ ಕಡಲ್ಗಳ್ಳರ ವಿರುದ್ಧ ಸೈನ್ಯ ಕಟ್ಟಿದ ಮಿಂಗ್ ರಾಜವಂಶದ ದಂಡನಾಯಕ ಚಿ ಜಿಗ್ವಾಂಗ್, 1560ರ ಸುಮಾರಿಗೆ ಬರೆದ ತರಬೇತಿ ಗ್ರಂಥದಲ್ಲಿ ತನ್ನ ಕಾಲದ ಹೆಸರಾಂತ ಜಟ್ಟಿಗಳ ಪಟ್ಟಿಯನ್ನೇ ಕೊಡುತ್ತಾನೆ. ಒಬ್ಬನದು ಒದೆ, 'ಗಿಡುಗನ ಉಗುರಿನ ವಾಂಗ್' ಎಂಬವನದು ಹಿಡಿತ, 'ಸಾವಿರ ಬೀಳುಗಳ ಜಾಂಗ್' ಎಂಬವನದು ಕೆಡವುವಿಕೆ, ಮತ್ತೊಬ್ಬನದು ಹೊಡೆತ. ಹೊಗಳಿ ಮುಗಿಸಿದ ಮೇಲೆ ಅವನು ತಕರಾರು ತೆಗೆಯುತ್ತಾನೆ. ಒಬ್ಬೊಬ್ಬರದೂ ಒಂದೊಂದೇ ಕಡೆಯ ಬಲ, ಮೇಲಿದ್ದರೆ ಕೆಳಗಿಲ್ಲ, ಕೆಳಗಿದ್ದರೆ ಮೇಲಿಲ್ಲ ಎನ್ನುವುದು ಅವನ ದೂರು. ಬರಿಗೈ ವಿದ್ಯೆ ದೊಡ್ಡ ಯುದ್ಧಕ್ಕೆ ಅಷ್ಟಾಗಿ ಒದಗುವುದಿಲ್ಲ, ಹೊಸಬರ ಕೈಕಾಲು ಪಳಗಿಸಲು ಮಾತ್ರ ಒಳ್ಳೆಯದು ಎಂದೂ ಬರೆದಿದ್ದಾನೆ. ಕತ್ತಿ, ಭರ್ಜಿಗಳ ನಡುವೆ ಬದುಕಿದವನ ಮಾತು ಅದು. ಒದೆ, ಹೊಡೆತ, ಕೆಡವು, ಹಿಡಿ ಎಂಬ ನಾಲ್ಕನ್ನು ಚೀನೀ ಗುರುಗಳು ಇವತ್ತಿಗೂ ಒಟ್ಟಿಗೇ ಎಣಿಸುತ್ತಾರೆ. ನಮ್ಮಲ್ಲಿಗೆ ಬರುವಾಗ ನಾಲ್ಕನೆಯದೊಂದೇ ಹರಿದು ಬೇರೆಯಾಗಿ ಬಂದಿದೆ.

ಕೀಲು ಹೇಗೆ ಕಟ್ಟುತ್ತದೆ ಎಂಬುದನ್ನು ನೋಡಿದರೆ ಈ ಕ್ರಮ ಯಾಕೆ ಹೀಗೆ ಎಂಬುದು ಅರ್ಥವಾಗುತ್ತದೆ. ಮೊಣಕೈ ಒಂದೇ ದಿಕ್ಕಿಗೆ ಮಡಚುವ ಕೀಲು. ತೋಳು ನೆಟ್ಟಗಾದ ಮೇಲೆ ಇನ್ನೊಂದಿಷ್ಟು ಹಿಂದಕ್ಕೆ ದೂಡಿದರೆ ಒಳಬದಿಯ ಕಟ್ಟುಗಳು, ಅಂದರೆ ಲಿಗಮೆಂಟ್‌ಗಳು, ಹರಿಯತೊಡಗುತ್ತವೆ. ಲೆಕ್ಕ ಇಷ್ಟು ಸರಳ. ಆದರೆ ಮೊಣಕೈಗಿಂತ ಮೇಲೆ ಭುಜವಿದೆ, ಅದು ಎಲ್ಲ ಕಡೆ ತಿರುಗುವ ಕೀಲು. ನೀವು ಮೊಣಕೈಗೆ ಒತ್ತು ಕೊಟ್ಟ ಕೂಡಲೇ ಅವನು ಭುಜ ತಿರುಗಿಸಿ ಮೊಣಕೈಯ ಮುಖವನ್ನೇ ಬದಲಿಸುತ್ತಾನೆ. ಭುಜವನ್ನೂ ಹಿಡಿದಿರಿ ಅಂತಿಟ್ಟುಕೊಳ್ಳಿ, ಸೊಂಟ ತಿರುಗಿಸುತ್ತಾನೆ. ಸೊಂಟವೂ ಸಿಕ್ಕರೆ ಒಂದು ಹೆಜ್ಜೆ ಮುಂದಿಡುತ್ತಾನೆ. ಹೀಗಾಗಿ ಒಂದು ಕೀಲು ಕಟ್ಟಬೇಕಾದರೆ ಅದರ ಹಿಂದಿನ ಕೀಲುಗಳಲ್ಲಿರುವ ಸಡಿಲವನ್ನೆಲ್ಲ ಮೊದಲು ಹೀರಿಕೊಳ್ಳಬೇಕು, ಕಟ್ಟಕಡೆಗೆ ಅವನ ಪಾದದ ಹೆಜ್ಜೆಯನ್ನೂ ಕಸಿದುಕೊಳ್ಳಬೇಕು. ನೆಲೆ ತಪ್ಪಿದವನಿಗೆ ಹೆಜ್ಜೆ ಇಡಲು ಕಾಲು ಸಿಗುವುದಿಲ್ಲ. ಬೀಳದಿರುವ ಗಡಿಬಿಡಿಯಲ್ಲಿ ಅವನು ತೋಳನ್ನು ಚಾಚುತ್ತಾನೆ, ಚಾಚಿದ ತೋಳು ಬಿಗಿಯಾಗಿರುತ್ತದೆ. ಆ ಅರ್ಧ ಗಳಿಗೆಯೇ ಲಾಕ್‌ನ ಸಮಯ.

ಚಿನ್ ನಾದಲ್ಲಿ ಸ್ನಾಯು ಸೀಳುವುದು, ಮೂಳೆ ತಪ್ಪಿಸುವುದು, ಉಸಿರು ಕಟ್ಟಿಸುವುದು, ಮರ್ಮ ಒತ್ತುವುದು ಎಂದೆಲ್ಲ ಬಗೆಗಳಿವೆ. ಮರ್ಮದ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ, ಮೈಮೇಲೆ ಬಿದ್ದ ಮನುಷ್ಯನ ಬಟ್ಟೆ ಒಳಗಿನ ಮರ್ಮವನ್ನು ಹೆಬ್ಬೆರಳು ಹುಡುಕುತ್ತಾ ಕೂರಲಾಗದು. ಮೂಳೆ ತಪ್ಪಿಸುವವರೇ ಮೂಳೆ ಕೂರಿಸುವವರೂ ಆಗಿದ್ದರು ಎನ್ನುವುದು ಇಲ್ಲಿ ನನಗೆ ಇಷ್ಟವಾಗುವ ಸಂಗತಿ. ದಕ್ಷಿಣ ಚೀನಾದ ಫೋಶಾನ್‌ನ ಹೆಸರಾಂತ ಗುರು ವಾಂಗ್ ಫೇ ಹುಂಗ್ ಮದ್ದಿನಂಗಡಿ ನಡೆಸುತ್ತಾ ಗಾಯ, ಮುರಿತಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ನಮ್ಮ ಗರಡಿಗಳ ಉಸ್ತಾದರೂ ಸಂಜೆ ಹೊತ್ತು ಊರವರ ಉಳುಕು ತೆಗೆಯುತ್ತಿದ್ದವರೇ.

ಕೆಡವುವ ಕಲೆಯ ವಿಷಯಕ್ಕೆ ಬರೋಣ. ಚೀನೀ ಕುಸ್ತಿಯಾದ ಶ್ವಾಯ್ ಜ್ಯಾವ್ ನೋಡಿದರೆ ಗರಡಿಯವರಿಗೆ ತಕ್ಷಣ ನೆಂಟಸ್ತಿಕೆ ಕಾಣುತ್ತದೆ, ಜೊತೆಗೆ ಒಂದು ಅಚ್ಚರಿಯೂ ಆಗುತ್ತದೆ. ಅಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕಾಗಿಲ್ಲ. ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಆ ಸುತ್ತು ಮುಗಿಯಿತು. ನೆಲದ ಮೇಲಿನ ಹೊರಳಾಟವೇ ಇಲ್ಲ. ಮೈಮೇಲೆ ದಪ್ಪ ಹತ್ತಿಯ ಗಿಡ್ಡ ತೋಳಿನ ಅಂಗಿ, ಸೊಂಟಕ್ಕೆ ಪಟ್ಟಿ. ಹಿಡಿತವೆಲ್ಲ ಬಟ್ಟೆಯ ಮೇಲೆ. ನಿಂತೇ ಗೆಲ್ಲಬೇಕು ಎನ್ನುವ ಹಟದಲ್ಲಿ ಸೈನಿಕನ ಬುದ್ಧಿ ಕಾಣುತ್ತದೆ, ಸುತ್ತ ಭರ್ಜಿಗಳಿರುವಾಗ ಜೊತೆಯಲ್ಲಿ ಬಿದ್ದವನಿಗೂ ಉಳಿಗಾಲವಿಲ್ಲವಲ್ಲ.

ಮಿಂಗ್ ನಂತರ ಆಳಿದ ಚಿಂಗ್ ರಾಜವಂಶದ ಅರಮನೆಯಲ್ಲಿ ಈ ಕುಸ್ತಿಗೆ ರಾಜಕೀಯದ ಕೆಲಸವೂ ಬಿದ್ದಿತ್ತು. ಕಾಂಗ್‌ಶಿ ಚಕ್ರವರ್ತಿ ಪಟ್ಟಕ್ಕೆ ಬಂದದ್ದು ಏಳರ ಎಳವೆಯಲ್ಲಿ, ಅಧಿಕಾರವೆಲ್ಲ ಓಬೋಯ್ ಎಂಬ ಮಂಚು ಸರದಾರನ ಕೈಯಲ್ಲಿತ್ತು. ಹುಡುಗ ದೊರೆ ತನ್ನ ವಾರಿಗೆಯ ಹೈದರನ್ನು ಸೇರಿಸಿ ಅರಮನೆಯಲ್ಲಿ ಕುಸ್ತಿ ಆಡಿಸುತ್ತಿದ್ದ, ಓಬೋಯ್‌ಗೆ ಅದು ಮಕ್ಕಳಾಟವಾಗಿ ಕಂಡಿತು. 1669ರಲ್ಲಿ ಅವನು ದರ್ಬಾರಿಗೆ ಬಂದಾಗ ಅದೇ ಹುಡುಗರು ಮುಗಿಬಿದ್ದು ಅವನನ್ನು ಹಿಡಿದು ಕಟ್ಟಿದರು ಎಂದು ಕಥೆ. ನನ್ನ ಕಣ್ಣಿಗೆ ಬೀಳುವುದು ಸಂಖ್ಯೆ. ಕಾದಾಡಿ ಹಣ್ಣಾದ ಒಬ್ಬ ಯೋಧನನ್ನು ಜೀವಂತ ಹಿಡಿಯಲು ಹಲವು ಕೈಗಳು ಬೇಕಾದವು. ಮುಂದೆ ಅರಮನೆಯಲ್ಲಿ ಸಂಬಳದ ಕುಸ್ತಿ ಪಡೆಯೇ ಇತ್ತು. 1912ರಲ್ಲಿ ದೊರೆತನ ಹೋದ ಮೇಲೆ ಆ ಪೈಲ್ವಾನರ ಸಂಬಳವೂ ನಿಂತು, ಬೀಜಿಂಗಿನ ತಿಯೆನ್‌ಚ್ಯಾವ್ ಬಯಲಲ್ಲಿ ಕಾಸಿಗಾಗಿ ಪಟ್ಟು ತೋರಿಸಿ ಹೊಟ್ಟೆ ಹೊರೆಯಬೇಕಾಯಿತು. ಅರಮನೆಯ ವಿದ್ಯೆ ಊರ ವಿದ್ಯೆಯಾದದ್ದು ಹಾಗೆ.

1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಗುವೊಶು (ಚೀನೀ ಯುದ್ಧಕಲೆ) ಸಂಸ್ಥೆ ಶುರುವಾದಾಗ ಶ್ವಾಯ್ ಜ್ಯಾವ್ ಅಲ್ಲಿನ ಪಾಠಗಳಲ್ಲೊಂದಾಯಿತು. ಬಾವ್‌ಡಿಂಗ್ ಊರಿನ ಚಾಂಗ್ ಡೋಂಗ್‌ಶೆಂಗ್ ಅಲ್ಲಿ ಕಲಿಸಿದವರು, ಆಮೇಲೆ ತೈವಾನ್‌ಗೆ ಹೋಗಿ ಪೊಲೀಸ್ ಅಧಿಕಾರಿಗಳ ಕಾಲೇಜಿನಲ್ಲಿ ಬಹುಕಾಲ ಗುರುವಾಗಿದ್ದರು. ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಪಟ್ಟು ನಮ್ಮ ಹೊರಗಾಲಿನಂಥದ್ದು. ಎದುರಾಳಿಯ ತೋಳನ್ನು ಒಂದು ಕೈಯಲ್ಲಿ ಎಳೆದು, ಇನ್ನೊಂದು ಮುಂಗೈಯಿಂದ ಕತ್ತಿನ ಪಕ್ಕಕ್ಕೆ ಒತ್ತಿ, ಅವನ ಭಾರ ನಿಂತ ಕಾಲನ್ನು ಹಿಂದಿನಿಂದ ಕೊಯ್ದು ಬಿಡುವುದು. ಅವನು ಬೆನ್ನಡಿಯಾಗಿ ಬೀಳುತ್ತಾನೆ, ಆದರೆ ಎಳೆದ ತೋಳನ್ನು ನೀವು ಬಿಟ್ಟಿರುವುದಿಲ್ಲ. ಅವನು ನೆಲಕ್ಕೆ ಬಿದ್ದ ಕ್ಷಣದಲ್ಲಿ ನೀವು ನಿಂತಿದ್ದೀರಿ, ಅವನ ಮಣಿಕಟ್ಟು ನಿಮ್ಮ ಎದೆಯ ಹತ್ತಿರ, ಮೊಣಕೈ ನಿಮ್ಮ ತೊಡೆಗೆ ಅಡ್ಡ. ಭುಜ ತಿರುಗಿಸಲು ನೆಲ ಬಿಡುವುದಿಲ್ಲ, ಹೆಜ್ಜೆಗೆ ಕಾಲಿಲ್ಲ. ಮೇಲೆ ಹೇಳಿದ ಸಡಿಲವೆಲ್ಲ ಒಂದೇ ಏಟಿಗೆ ಹೋಯಿತು. ಚಿನ್ ನಾದ ಅರ್ಧ ಲಾಕ್‌ಗಳು ಈ ಜಾಗದಲ್ಲಿ ಯಾವ ಕಸರತ್ತೂ ಇಲ್ಲದೆ ಸಿಗುತ್ತವೆ. ಅವನ್ನು ನಿಂತುಕೊಂಡು, ನಿಂತವನ ಮೇಲೆ ಪ್ರಯೋಗಿಸಲು ಹೊರಟಾಗಲೇ ಬೆವರು ಸುರಿಯುವುದು.

ಬೆವರು ಅಂದೆ, ಅದೂ ಒಂದು ನಿಜವಾದ ಅಡ್ಡಿ. ಬೆವರಿದ ಮಣಿಕಟ್ಟು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಹಳೇ ಚೀನೀ ಶಾಲೆಗಳಲ್ಲಿ ಮಡಕೆಯ ಬಾಯನ್ನು ಬೆರಳ ತುದಿಗಳಿಂದ ಹಿಡಿದೆತ್ತಿ, ದಿನ ಕಳೆದಂತೆ ಒಳಗೆ ಮರಳು ತುಂಬುತ್ತಾ ಹೋಗುತ್ತಿದ್ದರು, ಬೀಗದ ಆಕಾರದ ಕಲ್ಲನ್ನು ಎಸೆದು ಹಿಡಿಯುತ್ತಿದ್ದರು. ಲಾಕ್ ಬೇಕು ಅನ್ನುವ ಹುಡುಗರು ಆ ಮಡಕೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನೊಂದು ಅಡ್ಡಿ ನೋವಿನದು. ಬೆರಳು, ಮಣಿಕಟ್ಟಿನ ಲಾಕ್‌ಗಳಲ್ಲಿ ಬಹುಪಾಲು ನೋವನ್ನು ನಂಬಿಕೊಂಡಿವೆ. ಕುಡಿದವನಿಗೆ, ಸಿಟ್ಟು ನೆತ್ತಿಗೇರಿದವನಿಗೆ ಆ ನೋವು ತಡವಾಗಿ ತಲುಪುತ್ತದೆ, ಕೆಲವೊಮ್ಮೆ ಮರುದಿನ ಬೆಳಿಗ್ಗೆ. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ, ಹೆಬ್ಬೆರಳು ಮುಂಗೈಗೆ ತಾಗುವಷ್ಟು ಮಣಿಕಟ್ಟು ಮಡಚುತ್ತದೆ. ಭುಜ, ಮೊಣಕೈಯಂಥ ದೊಡ್ಡ ಕೀಲುಗಳ ಲಾಕ್ ಹಾಗಲ್ಲ. ಅವನಿಗೆ ನೋವಾಗಲಿ ಬಿಡಲಿ, ಮೂಳೆಯ ಲೆಕ್ಕದಲ್ಲಿ ತೋಳು ಅಲ್ಲಿಗೆ ನಿಲ್ಲುತ್ತದೆ.

ಇನ್ನು ಸಾಂಡಾ. ಚೀನಾ 1979ರಲ್ಲಿ ಪ್ರಯೋಗವಾಗಿ ಶುರು ಮಾಡಿದ ಈ ಸ್ಪರ್ಧೆಯಲ್ಲಿ ಗುದ್ದು, ಒದೆ, ಕೆಡವು ಮೂರೂ ಇವೆ. ಕೀಲಿಗೆ ವಿರುದ್ಧ ತಿರುಚುವುದು ಮಾತ್ರ ನಿಷಿದ್ಧ. ಅಪ್ಪಿ ಹಿಡಿದ ಒಂದೆರಡು ಸೆಕೆಂಡಿನಲ್ಲಿ ಕೆಡವದಿದ್ದರೆ ರೆಫ್ರಿ ಬಿಡಿಸುತ್ತಾರೆ. ಮಣಿಪುರದ ರೋಶಿಬಿನಾ ದೇವಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು, ಮುಂದಿನ ಹಾಂಗ್‌ಝೌ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಈ ಆಟದಲ್ಲೇ. ಲಾಕ್ ಇಲ್ಲದ ಸಾಂಡಾದಿಂದ ಲಾಕ್‌ಗೆ ಏನು ಲಾಭ ಎಂದು ಕೇಳುತ್ತಾರೆ. ಒದ್ದ ಕಾಲು ಹಿಡಿದು ಕೆಡವುವವನಿಗೆ, ಏಟು ತಿನ್ನುತ್ತಲೇ ಒಳಗೆ ನುಗ್ಗಿ ಸೊಂಟ ಹಿಡಿಯುವವನಿಗೆ, ಎದುರಾಳಿಯ ಭಾರ ಯಾವ ಕಾಲ ಮೇಲಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಅಂಥವನಿಗೆ ಲಾಕ್ ಕಲಿಸಲು ಹೆಚ್ಚು ದಿನ ಬೇಡ. ಅದಿಲ್ಲದವನಿಗೆ ನೂರು ಲಾಕ್ ಬಾಯಿಪಾಠವಾದರೂ ಒಂದು ನೂಕಿಗೆ ಎಲ್ಲ ಮರೆತುಹೋಗುತ್ತದೆ.

ಕಾರ್ಯಕ್ರಮಗಳಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಒಬ್ಬರು ನನ್ನಲ್ಲಿಗೆ ಬಂದಿದ್ದರು. "ಸರ್, ಗುದ್ದೋದು ಒದೆಯೋದು ಬೇಡ, ಕೇಸಾಗುತ್ತೆ. ನಾಲ್ಕು ಲಾಕ್ ಹೇಳಿಕೊಡಿ ಸಾಕು" ಅಂದರು. ಲಾಕ್‌ನಿಂದ ಕೇಸಾಗುವುದಿಲ್ಲ ಅನ್ನುವ ಈ ನಂಬಿಕೆ ಬಹಳ ಜನರಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್‌ನಲ್ಲಿ ಗಂಭೀರ ಗಾಯಗಳ ಪಟ್ಟಿಯಿದೆ, ಮೂಳೆ ಮುರಿಯುವುದು, ಕೀಲು ತಪ್ಪಿಸುವುದು ಎರಡೂ ಅದರೊಳಗಿವೆ. ಒಂದು ಗುದ್ದಿಗೆ ತುಟಿ ಒಡೆಯಬಹುದು, ಗಾಬರಿಯಲ್ಲಿ ಜಗ್ಗಿದ ಒಂದು ಲಾಕ್‌ಗೆ ಭುಜವೇ ಕಳಚಬಹುದು. ಆತ್ಮರಕ್ಷಣೆಯ ಹಕ್ಕನ್ನು ಅದೇ ಕಾನೂನು 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿ ಕೊಟ್ಟಿದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿಯನ್ನೂ ಹಾಕಿದೆ.

ಅವರಿಗೆ ಮೊದಲು ಬೀಳುವುದನ್ನು ಕಲಿಸಿದೆ. ಆಮೇಲೆ ಎರಡು ಕೈಯಿಂದ ಎದುರಾಳಿಯ ಒಂದೇ ತೋಳನ್ನು ಅಪ್ಪಿಕೊಂಡು, ಮೊಣಕೈಯ ಮೇಲುಭಾಗವನ್ನು ಎದೆಗೆ ಒತ್ತಿ ಪಕ್ಕಕ್ಕೆ ಸರಿದು ನಡೆಸುವುದು. ನೋಡಲು ಚೆಂದವಿಲ್ಲ, ಚೀನೀ ಹೆಸರೂ ನೆನಪಿರುವುದಿಲ್ಲ, ಆದರೆ ಬೆವರಿನಲ್ಲೂ ಜಾರುವುದಿಲ್ಲ. ಕೈಯಲ್ಲಿ ಚಾಕು ಇರುವವನ ಎದುರು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ಉಳಿಯುವುದೂ ಇದೊಂದೇ ಹಿಡಿತ, ಮಣಿಕಟ್ಟು ತಿರುಚುವ ಆಸೆ ಅಲ್ಲಿ ಪ್ರಾಣಕ್ಕೆ ಎರವು. ಬಂಗಾರದ ಎಳೆಯನ್ನೂ ಕೊನೆಗೆ ತೋರಿಸಿದೆ, ಆದರೆ ಸ್ಪಾರಿಂಗ್‌ನಲ್ಲಿ ಜೊತೆಗಾರ ಬಟ್ಟೆ ಹಿಡಿದು ನೇತಾಡುವಾಗ ಮಾತ್ರ ಪ್ರಯತ್ನಿಸಬೇಕು ಎಂಬ ಷರತ್ತಿನ ಮೇಲೆ. ಅಂಗಿಯ ಎದೆ ಹಿಡಿದ ಮುಷ್ಟಿ ಬೇಗ ಬಿಡುವುದಿಲ್ಲ, ಆ ಪಟ್ಟು ಸಹಜವಾಗಿ ಕೂರುವ ಜಾಗ ಅದು. ಅಭ್ಯಾಸದಲ್ಲಿ ಮಣಿಕಟ್ಟನ್ನು ಝಟಕ್ಕನೆ ಎಳೆಯಬಾರದು, ನಿಧಾನವಾಗಿ ಒತ್ತಬೇಕು, ಜೊತೆಗಾರ ಸಾಕೆಂದು ಕೈತಟ್ಟಿ ಟ್ಯಾಪ್ ಮಾಡಿದ ಕೂಡಲೇ ಬಿಡಬೇಕು. ಕಿರುಬೆರಳಿನ ಕಡೆಯ ಆ ಸಣ್ಣ ಮೃದ್ವಸ್ಥಿ ಹರಿದರೆ ತಿಂಗಳುಗಟ್ಟಲೆ ಬಾಗಿಲ ಚಿಲಕ ತಿರುವಿದರೂ ನೋಯುತ್ತದೆ.

ಮತ್ತೆ, ಹಿಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ, ಅಪಾಯ ಹೆಚ್ಚಿರುವುದು ಅಲ್ಲೇ. ಬೋರಲು ಮಲಗಿಸಿ, ಕೈ ಹಿಂದೆ ಕಟ್ಟಿ, ಬೆನ್ನ ಮೇಲೆ ಇಬ್ಬರು ಕೂತರೆ ಎದೆಗೂಡು ಅರಳಲಾರದೆ ಉಸಿರು ಕಟ್ಟುತ್ತದೆ. ಉಸಿರಿಗಾಗಿ ಒದ್ದಾಡುವುದನ್ನು ಮೇಲಿದ್ದವರು ಪ್ರತಿರೋಧವೆಂದು ತಿಳಿದು ಇನ್ನಷ್ಟು ಅದುಮುತ್ತಾರೆ. ಕುಡಿದವನು, ದಪ್ಪ ಮೈಯವನು ಆಗಿದ್ದರೆ ಇದಕ್ಕೆ ಕೆಲವೇ ನಿಮಿಷ ಸಾಕು. ತೋಳು ಕೈಗೆ ಬಂದ ಮೇಲೆ ಭಾರವನ್ನು ಅವನ ಭುಜದ ಮೇಲಷ್ಟೇ ಇಟ್ಟು, ಬೇಗ ಪಕ್ಕಕ್ಕೆ ಹೊರಳಿಸಿ, ಎತ್ತಿ ಕೂರಿಸಿ, ಮಾತಾಡಿಸುತ್ತಿರಬೇಕು. ಉತ್ತರ ಬಾರದಿದ್ದರೆ ಆ ಕ್ಷಣವೇ ಕೈ ಬಿಟ್ಟು 108ಕ್ಕೆ ಫೋನ್ ಮಾಡಬೇಕು.