ಮೇಲಿನ ಮಹಡಿಗೆ ಮಾಲೀಕರು ಮತ್ತೆ ಬಂದಾಗ

ಬೆಂಗಳೂರಿನ 30×40 ಸೈಟಿನಲ್ಲಿ ಮನೆ ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ಈಗ ನೆಲಮಹಡಿ, ಸಾಲ ತೀರಿದ ಮೇಲೆ ಬಾಡಿಗೆಗೊಂದು ಮಹಡಿ, ಮಗನ ಮದುವೆ ಹೊತ್ತಿಗೆ ಇನ್ನೊಂದು. ಆದ್ದರಿಂದ ಮಾಲೀಕರ ಜೊತೆಗಿನ ನಂಟು ಹತ್ತು ಹದಿನೈದು ವರ್ಷದ್ದು ಎಂದುಕೊಂಡೇ ಆರ್ಕಿಟೆಕ್ಟ್ ಮೊದಲ ಗೆರೆ ಎಳೆಯಬೇಕು. ಆರ್ಕಿಟೆಕ್ಚರ್ ಓದುವವರ ಪ್ರೊಫೆಷನಲ್ ಪ್ರಾಕ್ಟೀಸ್ ಪರೀಕ್ಷೆಯಲ್ಲಿ ಇದು ಕರಾರಿನ ಪ್ರಶ್ನೆ. ಸೈಟಿನಲ್ಲಿ ಕಂಬಿಯ ಪ್ರಶ್ನೆ.

ಮೊದಲ ಭೇಟಿಯಲ್ಲೇ ಕೊನೆಗೆ ಎಷ್ಟು ಮಹಡಿ ಎಂದು ಕೇಳಿ, ಉತ್ತರವನ್ನು ಬರೆದಿಡಿ. ಪಾಯ, ಪಿಲ್ಲರುಗಳ ಲೆಕ್ಕ ಆ ಸಂಖ್ಯೆಗೇ ಆಗಬೇಕು. 2,000 ಲೀಟರ್ ಟ್ಯಾಂಕ್ ತುಂಬಿದರೆ ನೀರೇ ಎರಡು ಟನ್. ಅದು ಮುಂದೆ ಯಾವ ಪಿಲ್ಲರುಗಳ ಮೇಲೆ ಕೂರುತ್ತದೆ ಎಂಬುದೂ ಈಗಲೇ ನಕ್ಷೆಯಲ್ಲಿರಲಿ. ಮೆಟ್ಟಿಲು ಹೊರಗಿದ್ದರೆ ಬಾಡಿಗೆದಾರರು ಮಾಲೀಕರ ಹಾಲ್ ದಾಟಿ ಹೋಗಬೇಕಿಲ್ಲ. ಆದರೆ ಮೇಲಿನ ಮಹಡಿಗೆ ಮಂಜೂರಾತಿ ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಬೇಡಿ, ನಿಯಮ ಬದಲಾಗುತ್ತದೆ.

ಹೆಚ್ಚು ಕೆಡುವುದು ಮುಂದಿನ ಮಹಡಿಗೆಂದು ತಾರಸಿಯ ಮೇಲೆ ಬಿಟ್ಟ ಪಿಲ್ಲರ್ ಕಂಬಿ. ಅದಕ್ಕೆ ಹೊಸ ಕಂಬಿ ಜೋಡಿಸಲು ನಕ್ಷೆಗಳಲ್ಲಿ ಸಾಮಾನ್ಯವಾಗಿ ವ್ಯಾಸದ 50 ಪಟ್ಟು ಉದ್ದ ಬರೆದಿರುತ್ತಾರೆ, ಅಂದರೆ 16 ಮಿ.ಮೀ. ಕಂಬಿಗೆ 800 ಮಿ.ಮೀ. ಬರಿಮೈಯಲ್ಲಿ ಬಿಟ್ಟರೆ ಮಳೆನೀರು ಕಂಬಿಯ ಬುಡದಲ್ಲಿ ನಿಂತು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ವ್ಯಾಸ 16ರಿಂದ 15ಕ್ಕೆ ಇಳಿದರೂ ಉಕ್ಕಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 12% ಹೋಯಿತು. ಬಟ್ಟೆ ಒಣಹಾಕಲು ಅಡ್ಡ ಎಂದು ಯಾರೋ ಬಗ್ಗಿಸಿರುತ್ತಾರೆ. ಮತ್ತೆ ನೆಟ್ಟಗೆ ಮಾಡುವಾಗ ಅದೇ ಜಾಗದಲ್ಲಿ ಬಿರುಕು ಬಿಡಬಹುದು. ಪರಿಹಾರ ಅಗ್ಗದ್ದೇ: ತುಕ್ಕು ಉಜ್ಜಿ, ಸಿಮೆಂಟ್ ಹಾಲು ಬಳಿದು, ಮುಂದೆ ಸುಲಭವಾಗಿ ಒಡೆಯಬಹುದಾದ, ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿನಲ್ಲಿ ತುದಿಯವರೆಗೂ ಮುಚ್ಚಿ. ಬುಡದ ಸುತ್ತ ಗಾರೆಗೆ ಇಳಿಜಾರು ಕೊಡಿ.

ಇನ್ನು ದಾಖಲೆ. ಮಂಜೂರಾದ ನಕ್ಷೆ ಬೇರೆ, ಕಟ್ಟಿದ ಮನೆ ಬೇರೆ. ನಡುವೆ ಮೇಸ್ತ್ರಿ ಇರುತ್ತಾರೆ. ಕಟ್ಟಿದಂತೆಯೇ ತಿದ್ದಿದ ನಕ್ಷೆಯ ಎರಡು ಪ್ರತಿ ಕೊಡುವುದು ಆರ್ಕಿಟೆಕ್ಟರನ್ನು ನೋಂದಾಯಿಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಹೇಳುವ ಸೇವೆಗಳಲ್ಲೇ ಸೇರಿದೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ಫೋಟೋ: ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ಹಿಂದಿನ ದಿನ ಕಂಬಿ, ಗಾರೆಗೆ ಮುಂಚೆ ಪೈಪು ಮತ್ತು ವೈರಿಂಗ್, ಪ್ರತಿ ಗೋಡೆಗೂ ಟೇಪು ಹಿಡಿದು ಒಂದೊಂದು. ಎಂಟು ವರ್ಷದ ನಂತರ ಬಚ್ಚಲಿನ ಗೋಡೆ ತೇವವಾದಾಗ ಎಲ್ಲಿ ಒಡೆಯಬೇಕೆಂದು ಅದೊಂದೇ ಹೇಳುತ್ತದೆ.

ಗೃಹಪ್ರವೇಶವಾಗಿ ಒಂದು ಮಳೆಗಾಲ ಕಳೆದ ಮೇಲೆ ಭೇಟಿ ಕೊಡಿ. ಕಂಟ್ರಾಕ್ಟರಿಗೆ ಕೊಡದೆ ಹಿಡಿದಿಟ್ಟ ಹಣವನ್ನು ಅಲ್ಲಿಯವರೆಗೂ ಬಿಡುಗಡೆ ಮಾಡಬಾರದು. ಪ್ಯಾರಾಪೆಟ್ ಬುಡ, ಸಜ್ಜಾ, ಪೈಪು ತೂರಿದ ಜಾಗ ನೋಡಿ. ಬ್ಲಾಕ್ ಗೋಡೆ ಬೀಮಿಗೆ ಕೂಡುವಲ್ಲಿ ಕೂದಲೆಳೆ ಬಿರುಕಿದ್ದರೆ ಗಾಬರಿ ಬೇಡ: ಬ್ಲಾಕ್ ಒಣಗಿ ಕುಗ್ಗುತ್ತದೆ, ಬಿಸಿಲಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ, ಗಾರೆಯೊಳಗೆ ಕೋಳಿಬಲೆ ಎಂಬ ತಂತಿಜಾಲ ಹಾಕದಿದ್ದರೆ ಅದು ಹೊರಗೆ ಕಾಣುತ್ತದೆ. ಓರೆಯಾಗಿ ಮೆಟ್ಟಿಲಿನಂತೆ ಇಳಿದಿದ್ದರೆ ಮಾತು ಬೇರೆ. ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಗುರುತು ದಾಟಿತೆಂದರೆ ಪುಟ್ಟಿ ಮೆತ್ತಿಸದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ.

ಈ ಭೇಟಿಗಳ ಶುಲ್ಕ ಕರಾರಿನಲ್ಲೇ ಇರಲಿ. ಪುಕ್ಕಟೆ ಸಲಹೆಯೇ ನಂಟನ್ನು ಹಾಳು ಮಾಡುವುದು. ಕೇಳುವವರಿಗೂ ಸಂಕೋಚ, ಹೇಳುವವರಿಗೂ ಬೇಸರ, ಕೊನೆಗೆ ಫೋನೇ ನಿಲ್ಲುತ್ತದೆ. ಟೈಲ್ಸ್ ಅಂಗಡಿಯ ಕಮಿಷನ್ ಇನ್ನೂ ಕೆಟ್ಟದ್ದು. ಮಾಲೀಕರು ಪಕ್ಕದ ಅಂಗಡಿಯಲ್ಲಿ ದರ ಕೇಳಿದ ದಿನ ಅದು ಬಯಲಾಗುತ್ತದೆ.

ಮೇಲಿನ ಮಹಡಿಗೆ ಅವರು ಬೇರೆ ಆರ್ಕಿಟೆಕ್ಟನ್ನು ಹಿಡಿದರೆ? ಬಾಕಿ ಇತ್ಯರ್ಥ ಮಾಡಿಕೊಳ್ಳಿ, ಆದರೆ ಪಾಯ, ಪಿಲ್ಲರ್, ಬೀಮಿನ ನಕ್ಷೆಗಳನ್ನು ತಡೆಹಿಡಿಯಬೇಡಿ. ಆ ಮಹಡಿಯ ಕೆಳಗೆ ಮಲಗುವವರು ಮಾಲೀಕರೇ.