‘ಫೇಮಸ್’ ಮಾಡಿಬಿಟ್ಟ ಸಾರ್!

ಮಾನನಷ್ಟದ ನೋಟಿಸ್ ಬರೆಸಲು ಬರುವ ಕಕ್ಷಿದಾರರ ಬಾಯಲ್ಲಿ ಆಗಾಗ ಕೇಳುವ ಮಾತು: “ಊರಲ್ಲೆಲ್ಲ ನನ್ನನ್ನ ಫೇಮಸ್ ಮಾಡಿಬಿಟ್ಟ ಸಾರ್!” ಸಿಟ್ಟಿನಲ್ಲಿ ಆಡುವ ವ್ಯಂಗ್ಯ. ಹಳೆಯ ರೋಮಿನ ವಕೀಲನಿಗೆ ಇದರಲ್ಲಿ ವ್ಯಂಗ್ಯವೇ ಕಾಣುತ್ತಿರಲಿಲ್ಲ.

ಲ್ಯಾಟಿನ್ನಿನ ‘ಫಾಮಾ’ ಬಂದದ್ದು ಮಾತಾಡು ಎಂಬ ಅರ್ಥದ ‘ಫಾರಿ’ಯಿಂದ. ಮಾತು ಬಾರದ ಕೂಸು ‘ಇನ್‌ಫ್ಯಾಂಟ್’, ದೈವ ನುಡಿದದ್ದು ‘ಫೇಟ್’. ಎಲ್ಲ ಒಂದೇ ಬಳಗ. ಫಾಮಾ ಎಂದರೆ ಹೆಸರೂ ಹೌದು, ಬಾಯಿಂದ ಬಾಯಿಗೆ ಹಬ್ಬುವ ಗಾಳಿಸುದ್ದಿಯೂ ಹೌದು. ರೋಮನ್ ಕವಿ ವರ್ಜಿಲ್ ತನ್ನ ಮಹಾಕಾವ್ಯ ‘ಈನಿಡ್’ನ ನಾಲ್ಕನೆಯ ಸರ್ಗದಲ್ಲಿ ಈ ಫಾಮಾಳನ್ನು ರಾಕ್ಷಸಿಯಾಗಿಸಿದ್ದಾನೆ: ಮೈಮೇಲೆ ಎಷ್ಟು ಗರಿಯೋ ಅಷ್ಟು ಕಣ್ಣು, ಅಷ್ಟೇ ನಾಲಿಗೆ, ಅಷ್ಟೇ ಕಿವಿ. ನಡೆದದ್ದು, ನಡೆಯದ್ದು ಎರಡನ್ನೂ ಒಂದೇ ಉಸಿರಿಗೆ ಸಾರುತ್ತಾಳೆ.

ಫಾಮಾದಿಂದ ಹುಟ್ಟಿದ ‘ಫಾಮೋಸುಸ್’ ಹೆಚ್ಚಾಗಿ ಕೆಟ್ಟ ಹೆಸರಿನ ಕಡೆಗೇ ವಾಲಿದ್ದ ಪದ. ಮಾನ ಕಳೆಯುವ ಬರಹಕ್ಕೆ ರೋಮನ್ ಕಾನೂನಿನಲ್ಲಿ ‘ಲಿಬೆಲ್ಲುಸ್ ಫಾಮೋಸುಸ್’ ಎಂದು ಹೆಸರು. ಕ್ರಿ.ಶ. 438ರ ರೋಮನ್ ಕಾನೂನು ಸಂಗ್ರಹವಾದ ಥಿಯೋಡೋಸಿಯಸ್ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಅಂಥ ಹಾಳೆ ಸಿಕ್ಕ ಕೂಡಲೇ ಹರಿದುಹಾಕದೆ, ಸುಡದೆ ಓದಿದವನಿಗೂ ಶಿಕ್ಷೆ! ಇಲ್ಲಿ ಲಿಬೆಲ್ಲುಸ್ ಎಂದರೆ ಪುಟ್ಟ ಪುಸ್ತಕ, ಅಷ್ಟೆ. ನಂಜೆಲ್ಲ ಇದ್ದದ್ದು ಫಾಮೋಸುಸ್‌ನಲ್ಲಿ. ಇಂಗ್ಲಿಷಿಗೆ ಬಂದ ಮೇಲೆ ಎರಡೂ ಅದಲುಬದಲಾದವು. ನಂಜಿನ ಪದ ‘ಫೇಮಸ್’ ಆಗಿ ಹಾರ ಹಾಕಿಸಿಕೊಂಡಿತು. ಪಾಪದ ಪುಟ್ಟ ಪುಸ್ತಕ ‘ಲೈಬಲ್’ (ಬರಹದ ಮಾನಹಾನಿ) ಆಗಿ ಕಟಕಟೆ ಹತ್ತಿತು.

ಲಂಡನ್ನಿನ ಸ್ಟಾರ್ ಚೇಂಬರ್ ನ್ಯಾಯಾಲಯದ 1605ರ ಪ್ರಕರಣವೊಂದು ಕಾನೂನು ವರದಿಗಳಲ್ಲಿ ಇಂದಿಗೂ ‘ಡೆ ಲಿಬೆಲ್ಲಿಸ್ ಫಾಮೋಸಿಸ್’ (ಮಾನ ಕಳೆಯುವ ಬರಹಗಳ ಕುರಿತು) ಎಂದೇ ಇದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಟ್‌ಗಿಫ್ಟ್ ತೀರಿಕೊಂಡ ಮೇಲೆ ಅವರನ್ನು ಹಂಗಿಸಿ ಪದ್ಯ ಬರೆದವನ ಮೇಲಿನ ಕೇಸು. ಆ ಕಾಲದ ಹೆಸರಾಂತ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಬರೆದಿಟ್ಟಂತೆ, ಸತ್ತವರ ಮೇಲೆ ಬರೆದರೂ ಅಪರಾಧ. ಬರೆದದ್ದು ನಿಜವೇ ಆಗಿದ್ದರೂ ಅಪರಾಧ.

ಎರಡನೆಯದು ನನಗೆ ಅತಿ ಎನಿಸುತ್ತದೆ. ಆದರೆ ಎರಡರ ಛಾಯೆಯೂ ನಮ್ಮ ಕಾನೂನಿನಲ್ಲಿ ಉಳಿದಿದೆ. 1860ರ ದಂಡ ಸಂಹಿತೆಯ 499ನೇ ಕಲಮಿನಲ್ಲಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಬದುಕಿದ್ದರೆ ಮಾನ ಹೋಗುವಂಥ ಮಾತನ್ನು ಸತ್ತವರ ಬಗ್ಗೆ, ಮನೆಯವರ ಮನಸ್ಸು ನೋಯಲೆಂದೇ ಆಡಿದರೆ ಅದೂ ಮಾನಹಾನಿಯಾಗಬಹುದು. “ಇದ್ದದ್ದನ್ನೇ ಹೇಳಿದ್ದು ಸಾರ್” ಎಂದು ಎದುರು ಕಡೆಯವರು ಎದೆ ತಟ್ಟಿಕೊಂಡರೆ ಸಾಲದು. ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಿ ಮಾತ್ರ ನಿಜವೊಂದನ್ನು ರುಜುವಾತು ಮಾಡಿದರೆ ಸಾಕು.