ಅನಿರಿಡಿಯಾ: ಬಣ್ಣದ ಬಳೆ ಇಲ್ಲದ ಕಣ್ಣು

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವರೆಲ್ಲ ಒಂದೇ ಮಾತು ಹೇಳಿದರು: "ಕಣ್ಣು ನೋಡ್ರಿ, ಎಷ್ಟ್ ಕಪ್ಪಗ ಅದಾವ!" ಅಂಗಳಕ್ಕೆ ಎತ್ತಿಕೊಂಡು ಬಂದರೆ ಮಾತ್ರ ಕೂಸು ಕಣ್ಣು ಬಿಗಿಯಾಗಿ ಮುಚ್ಚಿ ಅವ್ವನ ಸೆರಗಿಗೆ ಮುಖ ಒತ್ತುತ್ತಿತ್ತು. ಮೂರು ತಿಂಗಳಾದರೂ ನೋಟ ನಿಲ್ಲಲಿಲ್ಲ. ಕಣ್ಣುಗುಡ್ಡೆಗಳು ಅತ್ತಿತ್ತ ಆಡುತ್ತಲೇ ಇದ್ದವು. ಹುಬ್ಬಳ್ಳಿಗೆ ಹೋಗಿ ತೋರಿಸಿದಾಗ ಡಾಕ್ಟರು ಚೀಟಿಯಲ್ಲಿ ಬರೆದ ಹೆಸರು ಅನಿರಿಡಿಯಾ.

ಪಾಪೆಯ ಸುತ್ತ ಕಂದು ಬಣ್ಣದ ಬಳೆಯೊಂದು ಕಾಣುತ್ತದೆ ಅಲ್ವಾ, ಅದೇ ಐರಿಸ್. ಗ್ರೀಕಿನಲ್ಲಿ 'ಅನ್' ಅಂದರೆ ಇಲ್ಲ. ಐರಿಸ್ ಇಲ್ಲದ ಕಣ್ಣಿಗೆ ಈ ಹೆಸರು. ಸಾಮಾನ್ಯವಾಗಿ ಅಂಚಿನಲ್ಲಿ ಒಂದಿಷ್ಟು ಮೊಂಡು ಉಳಿದಿರುತ್ತದೆ. ಬಿಸಿಲು ಜಾಸ್ತಿಯಾದಾಗ ಪಾಪೆಯನ್ನು ಕಿರಿದು ಮಾಡುವುದು ಈ ಬಳೆಯ ಕೆಲಸ. ಅದಿಲ್ಲದೆ ಬೆಳಕೆಲ್ಲ ಒಳಗೆ ನುಗ್ಗುತ್ತದೆ. ಎಲ್ಲರೂ ಮೆಚ್ಚಿದ ಆ ಕಪ್ಪು, ಕಿರಿದಾಗಲು ಬಾರದ ಪಾಪೆ.

ಹೆಚ್ಚಾಗಿ ಇದಕ್ಕೆ ಕಾರಣ 11ನೇ ಕ್ರೋಮೋಸೋಮಿನಲ್ಲಿರುವ ಪಾಕ್ಸ್6 ಎಂಬ ಜೀನಿನ ದೋಷ. ಬಸುರಿ ಗ್ರಹಣದಲ್ಲಿ ಹೊರಗೆ ಬಂದಳು ಅಂತ ದಯವಿಟ್ಟು ಯಾರೂ ತಾಯಿಯನ್ನು ದೂರಬೇಡಿ. ಅಪ್ಪ ಅಥವಾ ಅವ್ವನಿಗೆ ಈ ದೋಷ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಬರುತ್ತದೆ. ಆಗ ಪಕ್ಕದ ಇನ್ನೊಂದು ಜೀನೂ ತಪ್ಪಿಹೋಗಿದ್ದರೆ ಕಿಡ್ನಿಯಲ್ಲಿ ಗಡ್ಡೆ ಬೆಳೆಯುವ ಅಪಾಯ. ಅದಕ್ಕೇ ಕಣ್ಣಿಗೆ ತೋರಿಸಲು ಹೋದವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಅದನ್ನು ಬಿಡಬೇಡಿ.

ಇನ್ನು ಪೊರೆ. ಅನಿರಿಡಿಯಾ ಇದ್ದ ಹೆಚ್ಚಿನವರಿಗೆ ಚಿಕ್ಕ ವಯಸ್ಸಿನಲ್ಲೇ ಪೊರೆ ಬರುತ್ತದೆ. "ಅಜ್ಜಿಗೆ ಪೊರೆ ತೆಗೆಸಿದ್ವಿ, ಪೇಪರ್ ಓದ್ತಾಳ. ಇವನಿಗೂ ತೆಗೆಸಿದ್ರಾತು" ಅಂದರು ಮನೆಯವರು. ಆದರೆ ಎರಡೂ ಒಂದೇ ಅಲ್ಲ. ಈ ಕಣ್ಣಿನಲ್ಲಿ ಲೆನ್ಸಿನ (ಪೊರೆ ಕಟ್ಟುವುದು ಕಣ್ಣೊಳಗಿನ ಈ ಮಸೂರಕ್ಕೇ) ಚೀಲ ಬಹಳ ತೆಳುವಾಗಿರಬಹುದು, ಆಪರೇಷನ್ನಿನಲ್ಲಿ ಹರಿಯುವ ಭಯ. ಅದಕ್ಕಿಂತ ದೊಡ್ಡ ಮಾತು, ಹಿಂದಿನ ಪರದೆಯಲ್ಲಿ ಸಣ್ಣ ಅಕ್ಷರ ಓದುವ ನಡುಭಾಗವೇ ಪೂರ್ತಿ ಬೆಳೆದಿರುವುದಿಲ್ಲ. ಪೊರೆ ಕಸಿದುಕೊಂಡಷ್ಟು ನೋಟವನ್ನು ಆಪರೇಷನ್ ಮರಳಿಸಬಹುದು. ಹುಟ್ಟಿನಿಂದ ಇಲ್ಲದ್ದನ್ನು ಅದು ಕೊಡಲಾರದು. ಇದನ್ನು ಮೊದಲೇ ಬಿಡಿಸಿ ಹೇಳಿದರೆ ಮನೆಯವರು ಆಮೇಲೆ ಎದೆ ಒಡೆದುಕೊಳ್ಳುವುದಿಲ್ಲ.

ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಏರಿ ನೋಟದ ನರ ಹಾಳಾಗುವ ರೋಗ, ಅದರ ಭಯ ಕೂಡ ಬೆನ್ನಿಗಿರುತ್ತದೆ. ಕಣ್ಣಿನ ಒತ್ತಡವನ್ನು ಆಗಾಗ ನೋಡಿಸುತ್ತಲೇ ಇರಬೇಕು.

ಆ ಹುಡುಗ ಈಗ ಎರಡನೇ ಕ್ಲಾಸ್. ಅಗಲ ಅಂಚಿನ ಟೋಪಿ, ಕಂದು ಕನ್ನಡಕ, ಮುಂದಿನ ಬೆಂಚು. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಾನೆ.